ಮೋಡ ಗುಡಿಸುವವಳ ಪಾದ

ಲಿಯು ಅಜ್ಜಿ ಹಿಟ್ಟು ನಾದುತ್ತಿದ್ದಳು. ಅರ್ಧ ನಾದಿದ ಹಿಟ್ಟಿನ ಮೇಲೆ ಚಾವಣಿಯಿಂದ ಒಂದು ಹನಿ ಬಿತ್ತು. ಹಿಂದೆಯೇ ಮತ್ತೊಂದು. ಅವಳು ತಲೆಯೆತ್ತಿ ಮಳೆಯನ್ನು ಬೈದಳು. ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ತೆಗೆದು, ಹಾಸಿಗೆಯ ಅಡಿಯಿಂದ ಕೆಂಪು ಕಾಗದ ಎಳೆದಳು. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮೂಲೆಗೆ ದಾರ ಹೊಲಿದು, ಪೆನ್ಸಿಲ್ ಗೆರೆ ಕೂಡ ಎಳೆಯದೆ ಕತ್ತರಿ ಆಡಿಸಿದಳು.

ಹಾಗೆ ನಾನು ಹುಟ್ಟಿದೆ. ನಾನು ಒಂದು ಕಾಗದದ ಹೆಂಗಸು. ಕೈಯಲ್ಲಿ ಪೊರಕೆ, ತಲೆಯ ಸುತ್ತ ಮೋಡ. ಉತ್ತರ ಚೀನಾದ ಆ ಹಳದಿ ಮಣ್ಣಿನ ಊರಿನಲ್ಲಿ ಮಳೆ ನಿಲ್ಲದೇ ಹೋದರೆ ಹೆಂಗಸರು ನನ್ನಂಥವಳನ್ನು ಕತ್ತರಿಸಿ ಸೂರಿನ ಕೆಳಗೆ ತೂಗುಬಿಡುತ್ತಾರೆ. ಮೋಡ ಗುಡಿಸಿ ಆಚೆ ಹಾಕುವುದು ನಮ್ಮ ಕೆಲಸ. ಒಂದೇ ಕತ್ತರಿಯ ಓಟಕ್ಕೆ ನಾವು ಹಲವು ಅಕ್ಕತಂಗಿಯರು ಒಟ್ಟಿಗೆ ಹುಟ್ಟಿದೆವು.

ಆ ಹೊತ್ತಿಗೆ ಅಜ್ಜಿಯ ಮನೆಯಲ್ಲಿ ಒಬ್ಬ ಅತಿಥಿ ಮಳೆಗೆ ಸಿಕ್ಕಿಕೊಂಡು ಕೂತಿದ್ದಳು. ಹೆಸರು ನೀಲಾಂಬಿಕಾ. ಹುಬ್ಬಳ್ಳಿಯಲ್ಲಿ ಡಬ್ಬಿ, ಚೀಟಿ, ಜಾಹೀರಾತುಗಳಿಗೆ ಚಿತ್ರ ವಿನ್ಯಾಸ ಮಾಡುವ ಸಣ್ಣ ಕಚೇರಿ ನಡೆಸುತ್ತಿದ್ದವಳು. ಕಾಗದ ಕತ್ತರಿಸುವ ಕಲೆ ನೋಡಲೆಂದು ಬಂದಿದ್ದಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅನುವಾದಿಸಿ ಹೇಳಲು ಜೊತೆಗೊಬ್ಬ ಹುಡುಗಿಯಿದ್ದಳು.

ನೀಲಾಂಬಿಕಾ ನನ್ನನ್ನು ಬೆಳಕಿಗೆ ಹಿಡಿದು ನಕ್ಕಳು. “ಇದೇನಜ್ಜಿ, ಇಷ್ಟು ದೊಡ್ಡ ಪಾದ!”

ಅಜ್ಜಿ ನಗಲಿಲ್ಲ. “ಬೇರೆಯವರು ಪುಟ್ಟ ಪಾದ ಮಾಡ್ತಾರೆ, ಮಾಡ್ಕೊಳ್ಲಿ. ನಮ್ಮವ್ವನ ಪಾದಾನ ಚಿಕ್ಕವಳಿದ್ದಾಗ್ಲೇ ಬಟ್ಟೆ ಸುತ್ತಿ ಮುರಿದಿದ್ರು. ಇಷ್ಟೇ ಇತ್ತು, ನನ್ನ ಮುಷ್ಟಿಯಷ್ಟು. ಚೆಂದ ಅಂತಿದ್ರು ಎಲ್ರೂ. ಇಂಥದೇ ಮಳೇಲಿ ಮನೆ ಗೋಡೆ ಬಿತ್ತು. ನಾವೆಲ್ಲ ಓಡಿದ್ವಿ. ಅವ್ವಂಗೆ ಓಡೋಕಾಗ್ಲಿಲ್ಲ.”

ಹುಡುಗಿ ಇದನ್ನು ತಿಳಿಸಿ ಮುಗಿಸುವಷ್ಟರಲ್ಲಿ ಅಜ್ಜಿಯ ದನಿ ಬದಲಾಗಿತ್ತು. “ಆಕಾಶ ಹತ್ತೋಳಿಗೆ ಗಟ್ಟಿ ಪಾದ ಬೇಡ್ವೇನೇ? ನೀನೂ ಒಂದು ತಗೊಂಡು ಹೋಗು. ನಿಮ್ಮೂರಲ್ಲೇನು ಮಳೆ ಬರೋದೇ ಇಲ್ವಾ?”

ನನ್ನ ಅಕ್ಕನನ್ನು ಸೂರಿಗೆ ಕಟ್ಟಿದರು. ಮಳೆಯಲ್ಲಿ ಅವಳ ಬಣ್ಣ ಕರಗಿ ಗೋಡೆಯ ಮೇಲೆ ಕೆಂಪಗೆ ಇಳಿಯಿತು. ಕೊನೆಗೆ ಬಿಸಿಲು ಬಂದಾಗ ಪೊರಕೆ ಹಿಡಿದ ಕೈಯೇ ಅವಳಿಗೆ ಇರಲಿಲ್ಲ. ನಾನು ಮಾತ್ರ ನೀಲಾಂಬಿಕಾಳ ಪುಸ್ತಕದ ಹಾಳೆಗಳ ನಡುವೆ ಬೆಚ್ಚಗಿದ್ದೆ. ಒಂದು ಹನಿಯೂ ತಾಗದೆ ಉಳಿದವಳು ಎಂಬ ಅಳುಕು ನನಗೆ ಅಂದಿನಿಂದಲೇ ಅಂಟಿಕೊಂಡಿತು.

ಹುಬ್ಬಳ್ಳಿಯಲ್ಲಿ ಅವಳು ನನ್ನನ್ನು ಮೇಜಿನ ಎದುರಿನ ಹಲಗೆಗೆ ಚುಚ್ಚಿಟ್ಟಳು. ಬಂದವರಿಗೆಲ್ಲ ಅಜ್ಜಿಯ ಕಥೆ ಹೇಳುತ್ತಿದ್ದಳು. ಹೇಳುವಾಗ ಪ್ರತಿ ಸಲವೂ ಅವಳ ಕಣ್ಣು ಒದ್ದೆಯಾಗುತ್ತಿತ್ತು. ಆ ದಿನಗಳಲ್ಲಿ ನನಗೆ ಹೆಮ್ಮೆಯಿತ್ತು.

ಆಮೇಲೆ ಚನ್ನವೀರ ಶೆಟ್ಟರು ಬಂದರು. ನೆಲ ಒರೆಸುವ ಫಿನಾಯಿಲ್ ಮಾಡುವವರು. ಡಬ್ಬಿಗೆ ಹೊಸ ಚಿತ್ರ ಬೇಕಿತ್ತು. ನೀಲಾಂಬಿಕಾ ಏನೇನೋ ಬರೆದು ಅಳಿಸಿ ಸುಸ್ತಾಗಿ ಕೂತಾಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ಒಂದೇ ಬಣ್ಣ, ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿಕೊಂಡ ಮೈ. ಎಷ್ಟು ಸಣ್ಣದಾಗಿ ಅಚ್ಚು ಹಾಕಿದರೂ ಕೆಡದು.

ಸ್ಕ್ಯಾನರಿನ ಗಾಜಿನ ಮೇಲೆ ನನ್ನನ್ನು ಮಲಗಿಸಿ ಮುಚ್ಚಳ ಮುಚ್ಚಿದಳು. ನನ್ನ ಅಡಿಯಲ್ಲಿ ಒಂದು ಬೆಳಕು ಹರಿದು ಹೋಯಿತು. ನಾನು ಅಲುಗಲಿಲ್ಲ. ನನ್ನ ಅಂಚುಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಕಂಪ್ಯೂಟರ್ ಒಂದೇ ಗಳಿಗೆಯಲ್ಲಿ ಅವನ್ನು ಹಿಡಿದುಬಿಟ್ಟಿತು. ಇಷ್ಟು ಸುಲಭವಾಗಿ ಸಿಕ್ಕಿಬೀಳಬಾರದಿತ್ತು ನಾನು.

ಪರದೆಯ ಮೇಲಿನ ನನ್ನ ಪೊರಕೆ ಆಕಾಶದಿಂದ ನೆಲಕ್ಕೆ ತಿರುಗಿತು. ಮೋಡಗಳು ಫಿನಾಯಿಲ್ ನೊರೆಯಾದವು. ಅಷ್ಟರವರೆಗೆ ನೀಲಾಂಬಿಕಾ ಸಿಳ್ಳು ಹಾಕುತ್ತ ಕೆಲಸ ಮಾಡುತ್ತಿದ್ದಳು.

ಶೆಟ್ಟರು ನೋಡಿ ತೊಡೆ ತಟ್ಟಿದರು. “ಭಾರೀ ಆಗೇತ್ರಿ ಮೇಡಂ! ಆದ್ರ ಈ ಕಾಲ ಏನ್ರಿ? ನಮ್ಮ ಅತ್ತಿ ನೆನಪಾದ್ಲು ನೋಡ್ರಿ. ಎಮ್ಮಿ ಹಿಂದ ಓಡ್ಯಾಡೋ ಕಾಲ!”

“ಅವು ಹಂಗೇ ಇರಬೇಕ್ರಿ.”

“ಯಾಕ್ರಿ? ಕೊಳ್ಳೋರು ಹೆಣ್ಮಕ್ಕಳು. ನಾಜೂಕ ಕಾಣಬೇಕ್ರಿ. ಸಣ್ಣವು ಮಾಡ್ರಿ, ಚಂದ ಕಾಣ್ತಾವ.”

ನೀಲಾಂಬಿಕಾ ಬಾಯಿ ತೆರೆದಳು. ಎಲ್ಲರಿಗೂ ಹೇಳುತ್ತಿದ್ದ ಆ ಕಥೆ ಈಗಲೂ ಅವಳ ಬಾಯಿಯ ತನಕ ಬಂತು. ಆದರೆ ಎದುರಿಗಿದ್ದ ಮನುಷ್ಯ ಆಗಲೇ ನಗುತ್ತಿದ್ದ. ಹೇಳಿದರೆ ಇನ್ನೂ ನಗಬಹುದು, ಫಿನಾಯಿಲ್ ಡಬ್ಬಿಗೆ ಇಷ್ಟೆಲ್ಲ ಪುರಾಣವೇ ಎನ್ನಬಹುದು. ಅವಳೂ ಸ್ವಲ್ಪ ನಕ್ಕಳು. “ಆತ್ರಿ, ಮಾಡ್ತೀನಿ.”

ಶೆಟ್ಟರು ಹೋದ ಮೇಲೆ ಪರದೆಯ ಮೇಲಿನ ನನ್ನ ಪಾದದ ಅಂಚಿನ ಸುತ್ತ, ಗೆರೆಯನ್ನು ಹಿಡಿದು ತಿದ್ದುವ ಸಣ್ಣ ಸಣ್ಣ ಚೌಕಗಳು ಮೂಡಿದವು. ಒಂದೊಂದನ್ನೇ ಹಿಡಿದು ಒಳಗೆ ತಳ್ಳಿದಳು. ಬೆರಳುಗಳು ಮಡಚಿಕೊಂಡವು, ಹಿಮ್ಮಡಿ ಕುಗ್ಗಿತು. ನಾನು ಹಲಗೆಯ ಮೇಲಿನಿಂದ ಎಲ್ಲ ನೋಡುತ್ತಿದ್ದೆ. ಅಜ್ಜಿಯ ಅವ್ವನ ಪಾದವನ್ನು ಕಟ್ಟಿದವರೂ ಬಹುಶಃ ಇಷ್ಟೇ ಶಾಂತವಾಗಿ ಕೂತು, ಚೆಂದವಾಗಲಿ ಎಂದೇ ಕಟ್ಟಿದ್ದರೇನೋ.

ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಫಿರ್ದೋಸ್ ಹಿಂದಿನಿಂದ ಇಣುಕಿದಳು. “ಮೇಡಂ, ಇಂಥಾ ಕಾಲ ಇಟ್ಕೊಂಡು ಈಕಿ ನೆಲಾ ಒರಸ್ತಾಳೋ, ಜಾರಿ ಬೀಳ್ತಾಳೋ?”

“ನಿನ್ನ ಕೆಲಸ ನೀ ನೋಡವಾ,” ಎಂದಳು ನೀಲಾಂಬಿಕಾ. ಅವಳು ಯಾರ ಮೇಲೂ ಅಷ್ಟು ಜೋರು ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಡಬ್ಬಿ ಊರೂರಿಗೆ ಹೋಯಿತು. ನನ್ನ ಮುಖ ಆಟೋಗಳ ಬೆನ್ನ ಮೇಲೆ, ಕಾಂಪೌಂಡ್ ಗೋಡೆಗಳ ಮೇಲೆ, ಆಸ್ಪತ್ರೆಯ ಕಕ್ಕಸುಗಳ ಮೂಲೆಯಲ್ಲಿ ಕುಳಿತಿತು. ಎಲ್ಲ ಕಡೆಯೂ ಮುಷ್ಟಿಯಷ್ಟು ಪಾದ. ಯಾರೋ ಫೋನು ಮಾಡಿ, ಎಷ್ಟು ಸೊಗಸಾದ ಚಿತ್ರ, ಮೂಲ ಯಾರದು ಎಂದು ಕೇಳಿದರು. “ಚೀನಾದ ಜಾನಪದ ರೀ ಅದು. ಇಂಥವರದು ಅಂತ ಇಲ್ಲ,” ಎಂದಳು ನೀಲಾಂಬಿಕಾ. ಫೋನು ಇಟ್ಟು ಹಲಗೆಯತ್ತ ಬಂದು, ನನ್ನ ಮುಖ ನೋಡದೆ ಪಿನ್ನು ಕಿತ್ತು, ಮೇಜಿನ ಕೆಳಗಿನ ಖಾನೆಯಲ್ಲಿ ಹಾಕಿದಳು. ಆಮೇಲೆ ಯಾರಿಗೂ ಅಜ್ಜಿಯ ಕಥೆ ಹೇಳಿದ್ದು ನನಗೆ ಕೇಳಿಸಲಿಲ್ಲ.

ಖಾನೆಯ ಕತ್ತಲಲ್ಲಿ ವರ್ಷಗಳು ಹೋದವು. ನನ್ನ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು, ಮಡಿಕೆಯ ಬಳಿ ಮೈ ಬಿರಿಯಿತು. ಖಾನೆ ತೆರೆಯುವ ಕೈ ನನ್ನ ಅಂಚು ತಾಗಿದರೆ ಸರಕ್ಕನೆ ಹಿಂದೆ ಸರಿಯುತ್ತಿತ್ತು. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನೂ ಅಲ್ಲೇ ಇದ್ದೆನಲ್ಲ, ನೋಡುತ್ತ. ಕಾಗದಕ್ಕೆ ಬಾಯಿಯಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಬಾಯಿಯಿದ್ದವಳೂ ಸುಮ್ಮನಿದ್ದಳು. ನಮ್ಮಿಬ್ಬರಲ್ಲಿ ಏನು ಹೆಚ್ಚು ವ್ಯತ್ಯಾಸ?

ಇವತ್ತು ಬೆಳಿಗ್ಗೆ ಶೆಟ್ಟರ ಫೋನು ಬಂತು. ಫಿನಾಯಿಲ್ ಈಗ ಪೌಚಿನಲ್ಲೂ ಬರುತ್ತದಂತೆ, ಹೊಸ ಅಳತೆಗೆ ಚಿತ್ರ ಬೇಕಂತೆ. ಕಚೇರಿಯ ಹಳೆಯ ಗಿರಾಕಿಯೆಂದರೆ ಈಗ ಅವರೊಬ್ಬರೇ. ದನಿ ಖಾನೆಯೊಳಗಿನ ನನಗೂ ಕೇಳಿಸುತ್ತಿತ್ತು. “ಹಳೇ ಚಿತ್ರಾನೇ ಇರ್ಲಿ ಮೇಡಂ. ಜನಾ ಗುರ್ತ ಹಿಡೀತಾರ. ಒಂದು ಗೆರಿ ಬದಲಿ ಮಾಡಿದ್ರೂ ನಾ ಒಪ್ಪಂಗಿಲ್ಲ, ಮೊದಲೇ ಹೇಳೀನಿ!”

“ಹೂಂರಿ,” ಎಂದಳು.

ಆಮೇಲೆ ಖಾನೆ ತೆರೆಯಿತು. ಅವಳ ಕೈ ಈ ಸಲ ಹಿಂದೆ ಸರಿಯಲಿಲ್ಲ. ನನ್ನನ್ನು ಎರಡೂ ಅಂಗೈಯಲ್ಲಿ ಎತ್ತಿ ಪರದೆಯ ಪಕ್ಕ ಒರಗಿಸಿದಳು. ಅವಳ ಕೂದಲು ಬೆಳ್ಳಗಾಗಿತ್ತು. ಪರದೆಯ ಮೇಲೆ ಆ ಇನ್ನೊಬ್ಬ ನಾನು ನಿಂತಿದ್ದೆ, ನೊರೆಯ ನಡುವೆ, ಆ ಪಾದಗಳ ಮೇಲೆ.

“ಮೇಡಂ, ಶೆಟ್ಟರು ಏನಂದ್ರು?” ಫಿರ್ದೋಸ್ ಗೋಡೆಯ ಆಚೆಯಿಂದ ಕೂಗಿದಳು. “ಏನರೆ ಬದಲಿ ಐತೇನ್ರಿ?”

ಪರದೆಯ ಮೇಲೆ ನನ್ನ ಪಾದದ ಅಂಚಿನ ಸುತ್ತ ಮತ್ತೆ ಆ ಸಣ್ಣ ಚೌಕಗಳು ಮೂಡಿದ್ದವು.

“ಏನಿಲ್ಲವಾ, ಹಳೇದ,” ಎಂದು ಹೇಳಿ ನೀಲಾಂಬಿಕಾ ಮೊದಲನೆಯ ಚೌಕವನ್ನು ಹಿಡಿದು ಹೊರಗೆ ಎಳೆದಳು.