ಬಿಡುಗಡೆಯ ಸಂಕೇತ

ಬೆಳಗಿನ ಪಟ್ಟಿಯಲ್ಲಿ ಆರ್ಡಿಸ್ ನ್ಯೂಗಾರ್ಡ್ ಎಂಬ ಹೆಸರು ಕಂಡಾಗ ಲವಾನ್‌ಳ ಕೈ ಅಲ್ಲೇ ನಿಂತಿತು. ಹೆಸರಿನ ಪಕ್ಕದಲ್ಲಿ ವೈದ್ಯರು ಹಾಕಿದ ಸಂಕೇತ 99239. ಬಿಡುಗಡೆಯಾಗಿದೆ, ಅದಕ್ಕಾಗಿ ವೈದ್ಯರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೊಟ್ಟಿದ್ದಾರೆ ಎಂದು ಅದರ ಅರ್ಥ.

ಮಿನೆಸೋಟದ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಬಿಲ್ಲಿನ ಸಂಕೇತಗಳನ್ನು ತಾಳೆ ನೋಡುವುದೇ ಲವಾನ್‌ಳ ಕೆಲಸ. ಒಳರೋಗಿಯಾಗಿ ದಾಖಲಾದವರಿರಲಿ, ನೋಡೋಣವೆಂದು ಒಂದೆರಡು ದಿನ ನಿಗಾದಲ್ಲಿ ಇರಿಸಿಕೊಂಡವರಿರಲಿ, ಹೊರಡುವ ದಿನಕ್ಕೆ ಸಂಕೇತ ಒಂದೇ. ನಡೆದುಕೊಂಡು ಮನೆಗೆ ಹೋದವರಿಗೂ ಅದೇ; ವೈದ್ಯರು ಬಂದು ನೋಡಿ, ಉಸಿರು ನಿಂತಿದೆ ಎಂದು ಬರೆದವರಿಗೂ ಅದೇ. ಈ ಪದ್ಧತಿ ಮಾಡಿದ ಪುಣ್ಯಾತ್ಮರಿಗೆ ಪಕ್ಕದ ಮನೆ ಅಂತ ಒಂದು ಇರಲಿಲ್ಲವೇನೋ.

ಆರ್ಡಿಸ್ ಲವಾನ್‌ಳ ಪಕ್ಕದ ಮನೆಯವಳು. ಮೊನ್ನೆ ಆಂಬುಲೆನ್ಸ್ ಅವಳನ್ನು ಕರೆದೊಯ್ದದ್ದನ್ನು ಲವಾನ್ ಪರದೆಯ ಸಂದಿಯಿಂದ ನೋಡಿದ್ದಳು, ಹೊರಗೆ ಬಂದಿರಲಿಲ್ಲ. ಎರಡು ಚಳಿಗಾಲದ ಹಿಂದೆ ಆರ್ಡಿಸ್ ತನ್ನ ಅಂಗಳದ ಹಿಮವನ್ನೆಲ್ಲ ಯಂತ್ರ ಹಿಡಿದು ಇವಳ ದಾರಿಗೆ ತೂರಿದ್ದಳು. ಮಾತಿಗೆ ಮಾತು ಬೆಳೆಯಿತು. ಹಿಮ ಆ ಏಪ್ರಿಲ್‌ನಲ್ಲೇ ಕರಗಿತು, ಜಗಳ ಮಾತ್ರ ಇವತ್ತಿಗೂ ಗಟ್ಟಿಯಾಗಿಯೇ ಇತ್ತು.

ಒಮ್ಮೆ ಒತ್ತಿದರೆ ಕಡತ ತೆರೆದುಕೊಳ್ಳುತ್ತದೆ. ಆದರೆ ಗುರುತಿನವರ ಕಡತವನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾತು ಬಿಟ್ಟವಳ ಕಾಯಿಲೆಯನ್ನು ಕದ್ದು ಓದುವುದೆಂದರೆ ಲವಾನ್‌ಗೆ ನಾಚಿಕೆಯಾಯಿತು.

"ಸಹ್ರಾ, ಇವರು ನನಗೆ ಗೊತ್ತಿರೋರು. ಇದನ್ನ ನೀನೇ ನೋಡಮ್ಮ," ಎಂದು ಎದುರು ಮೇಜಿನವಳಿಗೆ ದಾಟಿಸಿದಳು.

ಸಹ್ರಾ ಕಡತವನ್ನು ಓದಿ ಮುಗಿಸಿದಳು. ಲವಾನ್ ಅವಳ ಮುಖವನ್ನೇ ನೋಡುತ್ತ ಕೂತಳು.

"ಕೇಳ್ಬೇಡಿ," ಅಂದಳು ಸಹ್ರಾ.

"ನಾನೆಲ್ಲಿ ಕೇಳ್ದೆ?"

"ಹೀಗೆ ಕಣ್ಣು ಬಿಟ್ಕೊಂಡು ನೋಡ್ತಿದ್ರೆ ಕೇಳ್ದಂಗೇ ಅಲ್ವಾ? ಬಾಯಿ ಬಿಡಬಾರದು ಅಂತ ನೀವೇ ತಾನೆ ಕಲಿಸಿದ್ದು."

"ಸ್ವಲ್ಪ ಜಾಸ್ತಿನೇ ಕಲಿಸ್ಬಿಟ್ಟೆ," ಎಂದು ಲವಾನ್ ಗೊಣಗಿದಳು.

ಸಂಜೆ ಬಂದು ನೋಡಿದರೆ ಆರ್ಡಿಸ್ ಮನೆಯ ಪರದೆಗಳು ಮುಚ್ಚಿದ್ದವು, ಮುಂದೆ ಯಾರದೋ ಕಾರು ನಿಂತಿತ್ತು. ಮಣ್ಣಿಗೆ ಬಂದ ನೆಂಟರದೋ, ರೋಗಿಯನ್ನು ಮನೆಗೆ ಕರೆತಂದವರದೋ. ಲವಾನ್ ಸೀದಾ ಅಡುಗೆಮನೆಗೆ ಹೋಗಿ ಹಾಟ್‌ಡಿಶ್ ಮಾಡಲು ನಿಂತಳು. ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೊಂದು ಪದರ ಆಲೂಗಡ್ಡೆ. ಆ ಕಡೆ ಸಾವಿನ ಮನೆಗೂ ಅದನ್ನೇ ಒಯ್ಯುತ್ತಾರೆ, ಆಸ್ಪತ್ರೆಯಿಂದ ಬಂದವರ ಮನೆಗೂ ಅದನ್ನೇ. ಬೆಳಿಗ್ಗೆ ಸಂಕೇತವನ್ನು ಬೈದುಕೊಂಡವಳು ತಾನೂ ಅದೇ ದಾರಿ ಹಿಡಿದಿದ್ದಳು.

ಕಪಾಟಿನಿಂದ ನೀಲಿ ಹೂವಿನ ಪಾತ್ರೆ ತೆಗೆದಳು. ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ 'ಆರ್ಡಿಸ್' ಎಂದು ಬರೆದಿತ್ತು. ಲವಾನ್‌ಳ ಗಂಡ ತೀರಿಕೊಂಡಾಗ ಆರ್ಡಿಸ್ ಅದರ ತುಂಬ ಮಾಡಿ ತಂದು, ಎದುರಿಗೆ ಕೂತು ಉಣ್ಣಿಸಿದ್ದಳು. ಖಾಲಿ ಪಾತ್ರೆ ಕೊಡಬಾರದು, ಏನಾದರೂ ಹಾಕಿ ಕೊಡೋಣ ಎನ್ನುವಷ್ಟರಲ್ಲಿ ಹಿಮ ಬಿದ್ದಿತ್ತು. ಈಗ ತೆಗೆದುಕೊಳ್ಳಲು ಅವಳೇ ಇಲ್ಲದಿದ್ದರೆ?

ಬಿಸಿ ಪಾತ್ರೆಯನ್ನು ಟವೆಲ್ಲಿನಲ್ಲಿ ಹಿಡಿದು ಹೋಗಿ, ಮೊಣಕೈಯಿಂದ ಗಂಟೆ ಒತ್ತಿದಳು. ಕಪ್ಪು ಅಂಗಿಯ ಅಪರಿಚಿತನೊಬ್ಬ ಬಾಗಿಲು ತೆರೆದ. ಲವಾನ್ ಆ ಕಪ್ಪು ಅಂಗಿಯನ್ನೇ ನೋಡಿದಳು.

"ನಾನು... ಪಕ್ಕದ ಮನೆಯವಳು..."

"ಕರ್ಟ್! ಬಾಗಿಲು ತೆಗೆದು ಚಳಿನೆಲ್ಲ ಒಳಗೆ ಕರೀತಿದ್ದೀಯಲ್ಲೋ, ನಿನ್ನ ತಲೆಯಲ್ಲೇನು ಮಣ್ಣಿದ್ಯಾ?" ಒಳಗಿನಿಂದ ಬೈಗುಳ ಬಂತು.

ಎರಡು ವರ್ಷದಿಂದ ಕಿವಿಗೆ ಬೀಳದಿದ್ದ ಆ ದನಿ ಕೇಳಿ ಲವಾನ್‌ಳ ಕಣ್ಣು ತುಂಬಿತು. ವಾಕರ್ ತಳ್ಳಿಕೊಂಡು ಆರ್ಡಿಸ್ ಬಂದಳು. ಇವಳನ್ನು ನೋಡಿದಳು, ಪಾತ್ರೆಯನ್ನು ನೋಡಿದಳು.

"ನಾನು ಸತ್ತೆ ಅಂತ ತಂದ್ಯೋ, ಬದುಕಿದೆ ಅಂತ ತಂದ್ಯೋ?"

"ನಿನ್ನ ಪಾತ್ರೆ ವಾಪಸ್ ಕೊಡೋಕೆ ಬಂದೆ ಕಣೇ."

"ಪಕ್ಕದ ಮನೆಯಿಂದ ಬರೋಕೆ ಎರಡು ವರ್ಷ ಬೇಕಾಯ್ತಾ?"

"ದಾರೀಲಿ ಹಿಮ ಇತ್ತಲ್ಲ," ಅಂದಳು ಲವಾನ್.

ಆರ್ಡಿಸ್‌ಗೆ ನಗು ತಡೆಯಲಾಗಲಿಲ್ಲ. ನಕ್ಕು ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು. ಆಮೇಲೆ ವಾಕರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

"ಕರ್ಟ್, ಇನ್ನೊಂದು ತಟ್ಟೆ ಇಡು," ಎಂದಳು.