ಇಂಗ್ಲಿಷ್ ವೈನಿ

ಲ್ಯಾಪ್‌ಟಾಪ್ ಇಡಲು ಎತ್ತರದ ಜಾಗ ಬೇಕಿತ್ತು. ವಿಶಾಲ ಸುತ್ತ ನೋಡಿ, ಹೊಸ ಗ್ಯಾಸ್ ಒಲೆಯ ರಟ್ಟಿನ ಪೆಟ್ಟಿಗೆಯನ್ನೇ ನಡುಮನೆಗೆ ಎಳೆದ. ಅಣ್ಣನಿಂದ ಬೇರೆಯಾಗಿ ಒಲೆ ಹೂಡಲೆಂದು ಅವನೇ ಅಥಣಿಯಿಂದ ತಂದದ್ದು; ಇನ್ನೂ ಬಿಚ್ಚಿರಲಿಲ್ಲ.

"ಮದಲ ಪಿಚ್ಚರ ನೋಡು. ಆಮ್ಯಾಲೂ ಬ್ಯಾರೆ ಆಗ್ತೀನಿ ಅಂದ್ರ ಆಗು," ಎಂದಳು ಅತ್ತಿಗೆ ಶಿವಗಂಗವ್ವ. "ನಾ ಅಡ್ಡ ಬರೂದಿಲ್ಲ."

ಅವಳ ಗಂಡ ರಾವಸಾಹೇಬ ಕಂಬಕ್ಕೊರಗಿ ಬೆವರುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಐಗಳಿಯ ವಿಡಿಯೊ ಹಾಲಿಗೆ ಈ ಅಮೆರಿಕದ ಸಿನಿಮಾ ಬಂದಾಗ ಟಿವಿ ಪಕ್ಕ ನಿಂತು ಊರಿಗೆಲ್ಲ ಕತೆ ಬಿಡಿಸಿ ಹೇಳಿದವನು ಅವನೇ. ಅಣೆಕಟ್ಟು ಒಡೆಯುತ್ತದೆ, ಹೀರೊ ಒಬ್ಬ ಹೆಂಗಸನ್ನು ಹೆಗಲ ಮೇಲೆ ಹೊತ್ತು ಪ್ರವಾಹ ದಾಟುತ್ತಾನೆ. ಆಕೆ ಯಾರು? ಹೀರೊ ಮಾತುಮಾತಿಗೆ "ವೈನಿ" ಎನ್ನುತ್ತಿದ್ದನಲ್ಲ, ಅಣ್ಣನ ಹೆಂಡತಿಯೇ ಸರಿ. ಎಂಥ ಮೈದುನ ಎಂದು ಹೆಂಗಸರು ಕಣ್ಣೊರೆಸಿಕೊಂಡಿದ್ದರು. ಆಮೇಲೆ ವಿಶಾಲ ಜಗಳ ತೆಗೆದಾಗೆಲ್ಲ ಶಿವಗಂಗವ್ವ ಆ ಮೈದುನನನ್ನು ತಂದು ನಿಲ್ಲಿಸುತ್ತಿದ್ದಳು.

ರಾವಸಾಹೇಬನಿಗೆ ಮೆಟ್ರಿಕ್‌ನಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟಿತ್ತು. ವಿಶಾಲನ ಹೆಂಡತಿ ಪ್ರಾಜಕ್ತಾ ಇಂಗ್ಲಿಷಿನಲ್ಲೇ ಬಿ.ಎ. ಮಾಡಿದವಳು; ತವರು ನಿಪ್ಪಾಣಿಯಿಂದ ಈ ಸಿನಿಮಾ ತಂದವಳೂ ಅವಳೇ.

ತೆರೆಯ ಮೇಲೆ ನೀರು ನುಗ್ಗಿತು. ಹೀರೊ ಕೂಗಿದ.

"ಕೇಳಿದ್ರೇನ? ವೈನಿ ಅಂದಾ," ಎಂದಳು ಶಿವಗಂಗವ್ವ.

ಪ್ರಾಜಕ್ತಾ ತುಟಿ ಕಚ್ಚಿಕೊಂಡಳು. "ಅಕ್ಕಾ, ಅದು ವೈನಿ ಅಲ್ರಿ, ಹನಿ. ಹನಿ ಅಂದ್ರ ಜೇನ. ಆ ಕಡೆ ಹೆಂಡ್ತಿಗೆ ಹಂಗ ಕರೀತಾರ."

"ಹೆಂಡ್ತಿಗೆ?"

ಹೀರೊ ಆಕೆಯನ್ನು ದಡದಲ್ಲಿಳಿಸಿ ತುಟಿಗೆ ತುಟಿಯಿಟ್ಟ. ಅಂದು ಇದೇ ದೃಶ್ಯ ಬಂದಾಗ ವಿಡಿಯೊ ಹಾಲ್‌ನ ಮಾಲಕ ಟಿವಿಗೆ ಟವೆಲ್ ಹೊದಿಸಿದ್ದ.

ಶಿವಗಂಗವ್ವ ಸೆರಗನ್ನು ಬಾಯಿಗೊತ್ತಿಕೊಂಡು ಗಂಡನತ್ತ ತಿರುಗಿದಳು. "ಅಲ್ರೀ, ಟವೆಲ್ ಹಿಂದ ಏನ ನಡದೈತಿ ಅಂತ ಕೇಳಿದ್ದಕ್ಕ ಏನಂದಿದ್ರಿ ನೀವು?"

"ವೈನಿ ಕಾಲಿಗೆ ಬಿದ್ದಾನ ಅಂದಿದ್ದೆ," ಎಂದ ರಾವಸಾಹೇಬ, ನೆಲ ನೋಡುತ್ತ.

ವಿಶಾಲ ಅಣ್ಣನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ದಾದಾ, ಆ ಮಾತ ಕೇಳಿ ಹಬ್ಬಹಬ್ಬಕ್ಕ ವೈನಿ ಕಾಲಿಗೆ ಬಿದ್ದೀನಲ್ಲೊ ನಾ."

"ನಗಬ್ಯಾಡ," ಎಂದಳು ಶಿವಗಂಗವ್ವ. "ಅಂವ ಬೀಳಲಿಲ್ಲಂದ್ರ ಬಿಡು. ನೀ ಬಿದ್ದಿದ್ದು ಖರೇ ಹೌದಲ್ಲೊ?"

ವಿಶಾಲನ ನಗು ನಿಂತಿತು. ತೆರೆಯ ಮೇಲೆ ಊರಿನಿಂದ ನೀರು ಇಳಿಯುತ್ತಿತ್ತು.

ಸಿನಿಮಾ ಮುಗಿದ ಮೇಲೆ ವಿಶಾಲ ಲ್ಯಾಪ್‌ಟಾಪ್ ಮಡಚಿ ತೆಗೆದ. ಪೆಟ್ಟಿಗೆ ಅಲ್ಲೇ ಉಳಿಯಿತು. ಪ್ರಾಜಕ್ತಾ ಒಳಗಿನಿಂದ ರೊಟ್ಟಿಯ ಬುಟ್ಟಿ ತಂದಳು. ಎಲ್ಲಿಡಲಿ ಎಂದು ಒಂದು ಗಳಿಗೆ ನಿಂತು, ಆ ಪೆಟ್ಟಿಗೆಯ ಮೇಲೆಯೇ ಇಟ್ಟಳು.