ಒಂದು ಗುಂಡಿ ಹಿಂದೆ

ಬೆರಳೊಂದು ಹತ್ತೊಂಬತ್ತನೆಯ ಗುಂಡಿಯ ಮೇಲೆ ಹೋಗಿ ನಿಲ್ಲುತ್ತದೆ, ಒತ್ತುವುದಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಹದಿನೆಂಟನ್ನು ಒತ್ತುತ್ತದೆ. ಆ ಊರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಈ ಬೆರಳು.

ಬೆರಳು ವೆಂಕೋಬರಾಯರದು. ತಂತಿ ಕಚೇರಿಯಲ್ಲಿ ಮಾಸ್ತರರಾಗಿ ಮೂವತ್ತು ವರ್ಷ ಮೋರ್ಸ್ ಸಂಕೇತದ ಚುಕ್ಕಿ-ಗೆರೆಗಳನ್ನು ಕುಟ್ಟಿ ನಿವೃತ್ತರಾದವರು. ಗುಂಡಿ ಉಡುಪರ ಹೋಟೆಲಿನ ಜೂಕ್‌ಬಾಕ್ಸಿನದು. ಮುಚ್ಚಿಹೋದ ಯಾವುದೋ ಕ್ಲಬ್ಬಿನಿಂದ ಬಂದ ಆ ಯಂತ್ರವನ್ನು ಊರವರು ‘ಹಾಡಿನ ಬೀರು’ ಎನ್ನುತ್ತಿದ್ದರು. ಗಲ್ಲಾದಲ್ಲಿ ಹಿತ್ತಾಳೆಯ ಬಿಲ್ಲೆ ಕೊಂಡು, ಸೀಳಿನಲ್ಲಿ ಹಾಕಿ, ಗುಂಡಿ ಒತ್ತಿದರೆ ಒಳಗಿನ ಚಕ್ರ ಗರ್ರ್ ಎಂದು ತಿರುಗಿ, ಟಕ್-ಟಿಕ್ ಎಂದು ನಿಂತು, ಒಂದು ಕಬ್ಬಿಣದ ಕೈ ತಟ್ಟೆಯನ್ನೆತ್ತಿ ಸೂಜಿಯ ಕೆಳಗೆ ಇಡುತ್ತಿತ್ತು. ಆದರೆ ಒತ್ತಿದ ಹಾಡು ಬರುತ್ತಿರಲಿಲ್ಲ. ಅದರ ಮುಂದಿನದು ಬರುತ್ತಿತ್ತು. ಆದ್ದರಿಂದ ಬೇಕಾದ ಹಾಡಿಗೆ ಒಂದು ಗುಂಡಿ ಹಿಂದೆ ಒತ್ತಬೇಕು. ಇದು ಊರಿಗೆಲ್ಲ ಬಾಯಿಪಾಠವಾಗಿತ್ತು. ಸರಿಯಾದ ಗುಂಡಿ ಒತ್ತಿದವನು ಪರಸ್ಥಳದವನೆಂದು ತಿಳಿದು ಮಾಣಿ ಅವನಿಗೆ ಕೇಳದೆಯೇ ಎರಡನೆಯ ಸಲ ಚಟ್ನಿ ಬಡಿಸುತ್ತಿದ್ದ.

ರಾಯರು ದಿನಾ ನಾಲ್ಕು ಗಂಟೆಗೆ ಬಂದು ಹತ್ತೊಂಬತ್ತನೆಯದನ್ನು, ಒಂದು ಕ್ಲಾರಿಯೊನೆಟ್ ವಾದನವನ್ನು, ಕೇಳಿ ಹೋಗುತ್ತಿದ್ದರು. ಅದು ಕಾಫಿಯ ಜೊತೆಗಿನ ಶೋಕಿ ಎಂದು ನಾನು ತಿಳಿದಿದ್ದೆ.

ನಾನಾಗ ಬಿ.ಎಸ್ಸಿ. ಮುಗಿಸಿ ಬೀಸಣಿಗೆ ರಿಪೇರಿಗೆ ಕುಳಿತವನು. ಸೋದರಮಾವನ ರೇಡಿಯೋ ಅಂಗಡಿಯಲ್ಲಿ ಕೈಗೆ ಕೆಲಸ ಕಡಿಮೆ, ಬಾಯಿಗೆ ಹೆಚ್ಚು. ಊರಿನ ಯಾರ ದನಿಯನ್ನಾದರೂ ಅಣಕಿಸಬಲ್ಲೆನೆಂಬ ಜಂಬ ಬೇರೆ. ಒಂದು ದಿನ ಹಾಡಿನ ಬೀರು ಮೂಕವಾಯಿತು. ಉಡುಪರು ಹೇಳಿ ಕಳಿಸಿದರು.

“ಚಕ್ರ ತಿರುಗ್ತದೆ, ತಟ್ಟೆ ಏಳ್ತದೆ, ಸ್ವರ ಮಾತ್ರ ಇಲ್ಲ ಮಾರಾಯ. ನಿನ್ನ ಅತ್ತೆಯ ಎದುರು ನಿನ್ನ ಮಾವ ಕೂತ ಹಾಗೆ.”

“ಹಾಡು ಹೋಗಿ ಬರೀ ಪಾಡು ಉಳಿದಿದೆ ಅನ್ನಿ,” ಎಂದೆ.

“ಪದ ಕಟ್ಟಬೇಡ. ತಂತಿ ಕಟ್ಟು.”

ಎರಡು ವಾಲ್ವುಗಳು ಸುಟ್ಟಿದ್ದವು, ಕಂಡೆನ್ಸರುಗಳು ಒಣಗಿ ಉಬ್ಬಿದ್ದವು. ಬದಲಿಸಿ ಬೆಸುಗೆ ಹಾಕಿದೆ. ದನಿ ಮರಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಿಂಬದಿಯ ಹಲಗೆ ತೆಗೆದು ಕುಳಿತವನಿಗೆ ಊರಿನ ಒಗಟು ಎದುರಿಗೇ ಕಂಡಿತು. ಚಕ್ರದ ಹಲ್ಲುಗಳ ನಡುವೆ ಬಿದ್ದು ಅದನ್ನು ನಿಲ್ಲಿಸುವ ಉಗುರಿನಷ್ಟು ದೊಡ್ಡ ಉಕ್ಕಿನ ನಾಲಿಗೆ ಸವೆದಿತ್ತು. ಒಂದು ಹಲ್ಲಿಗೆ ತಾಗಿ, ಜಾರಿ, ಮುಂದಿನದರಲ್ಲಿ ಹಿಡಿಯುತ್ತಿತ್ತು. ಹೊಸ ನಾಲಿಗೆ ಮಾಡಿ ಕೂರಿಸಿದೆ. ಗರ್ರ್, ಟಕ್. ಹದಿನೆಂಟು ಒತ್ತಿದರೆ ಹದಿನೆಂಟು. ಹಳೆಯದನ್ನು ಗುಜರಿಯ ಡಬ್ಬಿಗೆ ಎಸೆದೆ.

ಎರಡು ದಿನ ಊರೆಲ್ಲ ತಪ್ಪು ಹಾಡು ಕೇಳಿ, ನನ್ನನ್ನು ಬೈದು, ಹೊಂದಿಕೊಂಡಿತು. ರಾಯರು ಆ ವಾರ ಜ್ವರದಿಂದ ಮಲಗಿದ್ದರು. ಅವರು ಬಂದ ಮಧ್ಯಾಹ್ನ ನಾನು ಯಂತ್ರದ ಹಿಂದೆ ಕುಳಿತು ಎಣ್ಣೆ ಹಾಕುತ್ತಿದ್ದೆ. ಹಲಗೆಯ ಸಂದಿನಿಂದ ಆ ಬೆರಳು ಕಂಡಿತು. ಹತ್ತೊಂಬತ್ತಕ್ಕೆ ಹೋಯಿತು, ಹಿಂದೆ ಸರಿಯಿತು, ಒತ್ತಿತು. ಕ್ಲಾರಿಯೊನೆಟ್ ಬದಲು ಹುಂಜ ಕೂಗುವ ನಗೆಹಾಡು ಹೊರಟಿತು.

ಆಗಲೇ ತಲೆ ಹೊರಹಾಕಿ ಹೇಳಬೇಕಿತ್ತು. ಬದಲಿಗೆ ಒಳಗಿನಿಂದಲೇ ಉಡುಪರ ದನಿ ತೆಗೆದು, “ಏನು ರಾಯರೇ, ಲೆಕ್ಕ ತಪ್ಪಿತಾ?” ಎಂದೆ. ಉಡುಪರು ಅಡುಗೆಮನೆಯಲ್ಲಿದ್ದರು.

ರಾಯರು ನಗಲಿಲ್ಲ. ಬೆರಳನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡರು. ಕಾಫಿ ಮುಟ್ಟದೆ ಹೊರಟುಹೋದರು.

ನಾಲ್ಕನೆಯ ದಿನ ಅವರ ಮಗಳು, ಶಾಲೆಯ ಇಂದುಮತಕ್ಕ, ಅಂಗಡಿಗೆ ಬಂದರು. “ಅಪ್ಪ ಮನೆ ಬೀಗದ ಕೈ ನನಗೆ ಕೊಟ್ಟುಬಿಟ್ರು ಕಣಪ್ಪ. ಇನ್ನು ನನ್ನೊಬ್ಬನ್ನೇ ಹೊರಗೆ ಬಿಡಬೇಡ ಅಂತಾರೆ. ಈಚೆಗೆ ಮರೆವು ಶುರುವಾಗಿತ್ತು. ಎಲ್ಲಾ ಮರೆತ್ರೂ ಒಂದು ಗುಂಡಿ ಹಿಂದೆ ಅನ್ನೋದು ನೆನಪಿದ್ದರೆ ತಲೆ ನೆಟ್ಟಗಿದೆ ಅಂತ ತಮಗೆ ತಾವೇ ದಿನಾ ಪರೀಕ್ಷೆ ಇಟ್ಕೊಂಡಿದ್ರಂತೆ. ಮೊನ್ನೆ ಫೇಲ್ ಆದೆ ಅಂದ್ರು.”

“ಅಯ್ಯೋ, ಅದು ನಾನು ರಿಪೇರಿ ಮಾಡಿದ್ದು ಇಂದುಮತಕ್ಕ.”

“ಮಾಣಿ ಹೇಳಿದ. ನಾನೂ ಹೇಳಿದೆ. ನಂಬಲ್ಲ.”

ನಾನೇ ಹೋದೆ. ರಾಯರು ಎಲ್ಲ ಕೇಳಿ ಮೃದುವಾಗಿ ನಕ್ಕರು. “ನೀನೂ ಸೇರ್ಕೊಂಡ್ಯಾ? ಹೋದ ತಿಂಗಳು ಕನ್ನಡಕ ಅಕ್ಕಿ ಡಬ್ಬೀಲಿ ಸಿಕ್ತು. ತಾನೇ ಇಟ್ಟೆ ಅಂದ್ಲು ಮಗಳು. ನನ್ನ ತಪ್ಪಿಗೆಲ್ಲ ನೀವು ಒಂದೊಂದು ಕಾರಣ ಹೊಲಿದು ಕೊಡ್ತೀರಿ. ಒಳ್ಳೆ ಮಕ್ಕಳು.” ನನ್ನ ಅಣಕದ ವಿಷಯ ಬಚ್ಚಿಟ್ಟುಕೊಂಡೇ ಎದ್ದು ಬಂದೆ.

ಮಾತಿನಿಂದ ಆಗದ್ದು ಯಂತ್ರದಿಂದ ಆಗಬೇಕು. ಅಣಕಿಸುವವನಿಗೆ ಒಂದು ಗುಟ್ಟು ಗೊತ್ತಿರುತ್ತದೆ: ಯಾರನ್ನೂ ಅವರ ಗುಣದಿಂದ ಹಿಡಿಯಲಾಗುವುದಿಲ್ಲ, ದೋಷದಿಂದ ಮಾತ್ರ. ಈಗ ಯಂತ್ರಕ್ಕೆ ಅದರದೇ ದೋಷವನ್ನು ಅಣಕಿಸಲು ಕಲಿಸಬೇಕಾಗಿತ್ತು. ಗುಜರಿಯ ಡಬ್ಬಿ ಖಾಲಿಯಾಗಿತ್ತು. ಹೊಸ ನಾಲಿಗೆಯನ್ನು ಉಜ್ಜಿ ಸವೆಸಿದೆ. ಒಮ್ಮೆ ಎರಡು ಹಲ್ಲು ಜಾರಿತು, ಇನ್ನೊಮ್ಮೆ ಜಾರಲೇ ಇಲ್ಲ. ಸರಿಮಾಡಲು ಒಂದು ಮಧ್ಯಾಹ್ನ ಸಾಕಾಗಿತ್ತು. ಮೊದಲಿನ ಹಾಗೆ ಕೆಡಿಸಲು ಮೂರು ದಿನ ಸಾಲಲಿಲ್ಲ. ಕೊನೆಗೆ ನಾಲಿಗೆಯನ್ನು ಸರಿಯಾಗಿಯೇ ಬಿಟ್ಟು, ಚಕ್ರವನ್ನೇ ಒಂದು ಹಲ್ಲು ಮುಂದಕ್ಕೆ ಜೋಡಿಸಿದೆ. ಹದಿನೆಂಟು ಒತ್ತಿದರೆ ಹತ್ತೊಂಬತ್ತು ಬಂತು.

ಮರುದಿನ ಇಂದುಮತಕ್ಕ ತಂದೆಯನ್ನು ಕೈ ಹಿಡಿದು ಕರೆತಂದರು.

“ಬನ್ನಿ ಮಾಸ್ತರೇ, ಕೂತುಕೊಳ್ಳಿ,” ಎಂದರು ಉಡುಪರು.

ಬಹಳ ಬಲವಂತದ ಮೇಲೆ ರಾಯರು ಬೆರಳೆತ್ತಿದರು. ಹತ್ತೊಂಬತ್ತು, ಹಿಂದೆ, ಹದಿನೆಂಟು. ಕ್ಲಾರಿಯೊನೆಟ್ ಹರಿಯಿತು. ಇಂದುಮತಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು. ರಾಯರು ಮಾತ್ರ ತಲೆಯನ್ನು ಒಂದು ಬದಿಗೆ ವಾಲಿಸಿ, ಹಾಡಿನ ಕಡೆ ಗಮನವೇ ಇಲ್ಲದವರಂತೆ ಕುಳಿತಿದ್ದರು. ಮುಗಿದ ಮೇಲೆ ಇನ್ನೊಂದು ಬಿಲ್ಲೆ ಕೇಳಿ ಮತ್ತೆ ಅದನ್ನೇ ಒತ್ತಿದರು. ಚಕ್ರ ನಿಲ್ಲುತ್ತಲೇ ನನ್ನತ್ತ ತಿರುಗಿದರು.

“ಚುಕ್ಕಿ ಎಲ್ಲಿ ಹೋಯ್ತೋ?”

ನನಗೆ ಅರ್ಥವಾಗಲಿಲ್ಲ. ಅವರು ಚಮಚ ತೆಗೆದು ಮೇಜಿನ ಮೇಲೆ ಬಡಿದರು. ಟಕ್-ಟಿಕ್. “ಮೊದಲು ನಿಲ್ಲುವಾಗ ಹೀಗೆ. ಒಂದು ಗೆರೆ, ಒಂದು ಚುಕ್ಕಿ. ಇವತ್ತು ಬರೀ ಗೆರೆ. ಅವತ್ತೂ ಬರೀ ಗೆರೆಯೇ. ಹುಂಜ ಕೂಗಿದ ಗಾಬರೀಲಿ ಗಮನಿಸಲಿಲ್ಲ. ಹಾಗಾದರೆ ನೀನು ರಿಪೇರಿ ಮಾಡಿದ್ದು ನಿಜ. ಈಗ ನನಗೋಸ್ಕರ ಕೆಡಿಸಿದ್ದೂ ನಿಜ.”

ಮೂವತ್ತು ವರ್ಷ ತಂತಿಗೆ ಕಿವಿ ಕೊಟ್ಟವರು. ಆ ಎರಡು ಸದ್ದುಗಳನ್ನು ಗೆಳೆಯರ ಮುಂದೆ ನೂರು ಸಲ ಅಣಕಿಸಿದ್ದ ನನಗೆ ಒಂದು ಕಳೆದುಹೋದದ್ದು ತಿಳಿದಿರಲಿಲ್ಲ.

ರಾಯರು ಅಷ್ಟಕ್ಕೇ ಬಿಡಲಿಲ್ಲ. “ಉಡುಪ, ನೀನು ನನ್ನನ್ನ ಯಾವತ್ತಾದರೂ ರಾಯರೇ ಅಂತ ಕರೆದಿದ್ದೀಯಾ?”

“ಇಲ್ಲವಲ್ಲ ಮಾಸ್ತರೇ. ಯಾಕೆ?”

ಅವರು ನನ್ನನ್ನೇ ನೋಡಿದರು. ನಾನು ಎದ್ದು ನಿಂತೆ. “ತಪ್ಪಾಯ್ತು ರಾಯರೇ. ಅವತ್ತು ಒಳಗಿನಿಂದ ಮಾತಾಡಿದವನು ನಾನು.”

“ಪರವಾಗಿಲ್ಲ. ನಿನಗೂ ಒಂದು ಸ್ವಂತ ದನಿ ಇದೆ ಅಂತಾಯ್ತು,” ಎಂದರು. ಆಮೇಲೆ ಮಗಳ ಕಡೆ ಕೈ ಚಾಚಿದರು. “ಬೀಗದ ಕೈ ಕೊಡಮ್ಮ. ಅಕ್ಕಿ ಡಬ್ಬಿ ನನ್ನದೇ ತಪ್ಪು ಅಂತ ಒಪ್ಕೋತೀನಿ. ಇದು ನನ್ನದಲ್ಲ.”

ಅವರ ಅಪ್ಪಣೆಯಂತೆ ಅಂದೇ ಚಕ್ರವನ್ನು ಸರಿಯಾಗಿ ಜೋಡಿಸಿದೆ. ಮರುದಿನ ನಾಲ್ಕಕ್ಕೆ ಅವರು ಒಬ್ಬರೇ ಬಂದರು. ಬೆರಳು ಹತ್ತೊಂಬತ್ತಕ್ಕೆ ಹೋಗಿ, ಅಭ್ಯಾಸದಂತೆ ಹದಿನೆಂಟಕ್ಕೆ ಸರಿದು, ಅಲ್ಲಿ ಕೊಂಚ ನಿಂತು, ಮತ್ತೆ ಮುಂದೆ ಬಂತು. ಒತ್ತಿತು. ಗರ್ರ್, ಟಕ್. ರಾಯರು ಉಗುರಿನಿಂದ ಯಂತ್ರದ ಗಾಜಿನ ಮೇಲೆ, ಸರಿಯಾದ ಗಳಿಗೆಗೆ, ಮೆಲ್ಲಗೆ ಒಂದು ಚುಕ್ಕಿ ಇಟ್ಟರು.